ಕುಲುಮೆಗಿಂತ ಮೊದಲು ಕಂಪ್ಯೂಟರಿನಲ್ಲಿ

ಕರಗಿದ ಉಕ್ಕಿನಲ್ಲಿ ಉಳಿದ ಆಮ್ಲಜನಕವನ್ನು ತೆಗೆಯಲು ಕಾರ್ಖಾನೆಗಳಲ್ಲಿ ಅಲ್ಯೂಮಿನಿಯಂ ಹಾಕುತ್ತಾರೆ. ಆಮ್ಲಜನಕವೇನೋ ಹೋಗುತ್ತದೆ, ಆದರೆ ಅಲ್ಯೂಮಿನಾ ಎಂಬ ಹೊಸ ತಲೆನೋವು ಹುಟ್ಟಿಕೊಳ್ಳುತ್ತದೆ. ಉಕ್ಕಿನ ಬಿಸಿ ಸುಮಾರು 1600 ಡಿಗ್ರಿ ಸೆಲ್ಸಿಯಸ್. ಅಲ್ಯೂಮಿನಾ ಕರಗಬೇಕಾದರೆ 2000 ಡಿಗ್ರಿ ದಾಟಬೇಕು. ಹೀಗಾಗಿ ಅದರ ಗಟ್ಟಿ ಕಣಗಳು ಉಕ್ಕು ಅಚ್ಚಿಗಿಳಿಯುವ ನಾಝಲ್‌ನ ಒಳಗೋಡೆಗೆ ಮೆತ್ತಿಕೊಂಡು ದಾರಿಯನ್ನೇ ಮುಚ್ಚಿಬಿಡುತ್ತವೆ.

ಇದಕ್ಕೆ ಮದ್ದು ಕ್ಯಾಲ್ಸಿಯಂ. ಹದವಾಗಿ ಬೆರೆತರೆ ಅಲ್ಯೂಮಿನಾ ಕ್ಯಾಲ್ಸಿಯಂ ಅಲ್ಯೂಮಿನೇಟ್ ಆಗಿ, 1400 ಚಿಲ್ಲರೆ ಡಿಗ್ರಿಗೇ ಕರಗಿ, ಉಕ್ಕಿನ ಜೊತೆ ಸಲೀಸಾಗಿ ಹರಿದುಹೋಗುತ್ತದೆ. ಕಡಿಮೆ ಬಿದ್ದರೆ ಕಣಗಳು ಗಟ್ಟಿಯಾಗಿಯೇ ಉಳಿಯುತ್ತವೆ. ಹೆಚ್ಚಾದರೆ ಕ್ಯಾಲ್ಸಿಯಂ ಗಂಧಕದೊಡನೆ ಸೇರಿ ಕ್ಯಾಲ್ಸಿಯಂ ಸಲ್ಫೈಡ್ ಆಗುತ್ತದೆ. ಅದೂ ಗಟ್ಟಿ, ಅದೂ ನಾಝಲ್ ಕಟ್ಟುತ್ತದೆ. ನಡುವಿನ ಹದ ಬಹಳ ಕಿರಿದು. ಗಂಧಕ, ಅಲ್ಯೂಮಿನಿಯಂ, ಉಷ್ಣತೆ ಯಾವುದು ಬದಲಾದರೂ ಹದ ಜಾರುತ್ತದೆ. ನೂರಾರು ಟನ್ ಉಕ್ಕು ತುಂಬಿದ ಲೇಡಲ್‌ನಲ್ಲಿ ಇದನ್ನು ಹಾಕಿ ನೋಡಿ ಕಲಿಯುವುದು ದುಬಾರಿ ವಿದ್ಯೆ.

ಫ್ಯಾಕ್ಟ್‌ಸೇಜ್, ಥರ್ಮೋ-ಕ್ಯಾಲ್ಕ್‌ನಂಥ ತಂತ್ರಾಂಶಗಳು ಈ ಹದವನ್ನು ಮೊದಲೇ ಲೆಕ್ಕ ಹಾಕಿಕೊಡುತ್ತವೆ. ಸೂತ್ರ ಹಳೆಯದು. ನಿಗದಿತ ಉಷ್ಣತೆ ಮತ್ತು ಒತ್ತಡದಲ್ಲಿ, ನೀರು ತಗ್ಗು ಹುಡುಕುವ ಹಾಗೆ, ವಸ್ತುಗಳು ತಮ್ಮ ಒಟ್ಟು ‘ಗಿಬ್ಸ್ ಶಕ್ತಿ’ ಅತಿ ಕಡಿಮೆಯಾಗುವ ಸ್ಥಿತಿಯತ್ತ ಸಾಗುತ್ತವೆ. ಅಮೆರಿಕದ ವಿಲ್ಲರ್ಡ್ ಗಿಬ್ಸ್ ಇದಕ್ಕೆ ತಳಪಾಯ ಹಾಕಿದ್ದು 1870ರ ದಶಕದಲ್ಲಿ. ಹತ್ತಾರು ಧಾತುಗಳಿರುವ ಮಿಶ್ರಣದಲ್ಲಿ ಆ ಕನಿಷ್ಠವನ್ನು ಕೈಲೆಕ್ಕದಲ್ಲಿ ಹುಡುಕುವುದು ಆಗದ ಮಾತು. ಅಮೆರಿಕದವರೇ ಆದ ಲ್ಯಾರಿ ಕಾಫ್‌ಮನ್ ಕಂಪ್ಯೂಟರನ್ನು ಈ ಕೆಲಸಕ್ಕೆ ಹಚ್ಚಿದರು; 1970ರಲ್ಲಿ ಹೆರಾಲ್ಡ್ ಬರ್ನ್‌ಸ್ಟೈನ್ ಜೊತೆಗೂಡಿ ಪುಸ್ತಕವನ್ನೂ ಬರೆದರು. ಕ್ಯಾಲ್ಫ್ಯಾಡ್ ಎಂಬ ಈ ವಿಧಾನವೇ ಸ್ಟಾಕ್‌ಹೋಮಿನಲ್ಲಿ ಹುಟ್ಟಿದ ಥರ್ಮೋ-ಕ್ಯಾಲ್ಕ್‌ನ ಬೆನ್ನೆಲುಬು. ಫ್ಯಾಕ್ಟ್‌ಸೇಜ್ 2001ರಲ್ಲಿ ಕೆನಡಾ ಮತ್ತು ಜರ್ಮನಿಯ ಎರಡು ತಂತ್ರಾಂಶಗಳು ಒಂದಾಗಿ ಬಂದದ್ದು.

ಪರದೆಯ ಮೇಲೆ ಮೂಡುವ ಬಣ್ಣಬಣ್ಣದ ನಕ್ಷೆಗಿಂತ ಅದರ ಹಿಂದಿನ ದತ್ತಾಂಶವೇ ನಿಜವಾದ ಆಸ್ತಿ. 80 ಧಾತುಗಳನ್ನು ಎರಡೆರಡಾಗಿ ಜೋಡಿಸಿದರೆ 3,160 ಜೋಡಿ. ಮೂರು ಮೂರಾಗಿ ಸೇರಿಸಿದರೆ 82,160. ಎಲ್ಲವನ್ನೂ ಕಾಯಿಸಿ ಅಳೆಯಲು ಯಾರಿಂದಾದೀತು? ಅದಕ್ಕೇ ಜೋಡಿಗಳನ್ನೂ ಮುಖ್ಯವಾದ ಕೆಲವು ತ್ರಿವಳಿಗಳನ್ನೂ ಎಚ್ಚರದಿಂದ ಅಳೆದು, ಉಳಿದದ್ದನ್ನು ಗಣಿತದಿಂದ ಅಂದಾಜಿಸುತ್ತಾರೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಕೆ.ಟಿ. ಜೇಕಬ್ ಘನ ವಿದ್ಯುದ್ವಿಚ್ಛೇದ್ಯದ ಕೋಶಗಳಿಂದ ಆಕ್ಸೈಡುಗಳ ಗಿಬ್ಸ್ ಶಕ್ತಿಯನ್ನು ಅಳೆದದ್ದು ಇದೇ ಬಗೆಯ ಕೆಲಸ. ಇಂಥ ತಾಳ್ಮೆಯ ದುಡಿಮೆಗೆ ಸುದ್ದಿಮನೆಗಳಲ್ಲಿ ಜಾಗ ಸಿಗುವುದು ಅಪರೂಪ.

ಫಲವಂತೂ ಕಣ್ಣೆದುರಿಗಿದೆ. ಅಮೆರಿಕದ ಕ್ವೆಸ್‌ಟೆಕ್ ಕಂಪನಿ ವಿಮಾನದ ಲ್ಯಾಂಡಿಂಗ್ ಗೇರ್‌ಗಾಗಿ, ತುಕ್ಕು ತಡೆಯಲು ವಿಷಕಾರಿ ಕ್ಯಾಡ್ಮಿಯಂ ಲೇಪನವೇ ಬೇಡದ ಫೆರಿಯಂ ಎಸ್53 ಉಕ್ಕನ್ನು ಹೀಗೆ ಕಂಪ್ಯೂಟರಿನ ನೆರವಿನಿಂದಲೇ ರೂಪಿಸಿತು.

ಹಾಗೆಂದು ಲೆಕ್ಕ ಹೇಳಿದ್ದೆಲ್ಲ ಕುಲುಮೆಯಲ್ಲಿ ನಡೆಯುವುದಿಲ್ಲ. ಕೋಣೆಯ ಉಷ್ಣತೆಯಲ್ಲಿ ಇಂಗಾಲ ಗ್ರ್ಯಾಫೈಟ್ ಆಗಿರಬೇಕೆಂದು ಗಿಬ್ಸ್ ಲೆಕ್ಕ ಹೇಳುತ್ತದೆ. ಮೂಗುತಿಯ ವಜ್ರಕ್ಕೆ ಅದರ ಪರಿವೆಯೇ ಇಲ್ಲ. ಎಲ್ಲಿಗೆ ತಲುಪಬೇಕು ಎಂಬುದನ್ನು ಈ ಲೆಕ್ಕ ತಿಳಿಸುತ್ತದೆ, ಎಷ್ಟು ಹೊತ್ತು ಬೇಕು ಎಂಬುದನ್ನಲ್ಲ. ಅದಕ್ಕೆ ವಿಸರಣೆಯ ಬೇರೆ ಲೆಕ್ಕವೇ ಬೇಕು.

ಕುತೂಹಲವಿದ್ದವರು ಕಾರ್ಖಾನೆಯನ್ನೇ ಹುಡುಕಿಕೊಂಡು ಹೋಗಬೇಕಿಲ್ಲ. ಥರ್ಮೋ-ಕ್ಯಾಲ್ಕ್‌ನ ಶೈಕ್ಷಣಿಕ ಆವೃತ್ತಿ ಉಚಿತವಾಗಿ ಸಿಗುತ್ತದೆ. ಮೂರು ಧಾತುಗಳ ಮಿತಿಯಿದ್ದರೂ ಕಬ್ಬಿಣ-ಇಂಗಾಲದ ನಕ್ಷೆಯನ್ನು ಮನೆಯಲ್ಲೇ ಬಿಡಿಸಿ ನೋಡಲು ಅಷ್ಟು ಸಾಕು.