ಖಾನಾಪುರದ ಇಟ್ಟಂಗಿ, ಬೆಳಗಾವಿಯ ಗೋಡೆ

ಬೆಳಗಾವಿಯಿಂದ ಹೊರಟು ಪಿರನವಾಡಿ, ಮಚ್ಛೆ, ದೇಸೂರು ದಾಟಿ ಖಾನಾಪುರ ಹತ್ತಿರವಾಗುತ್ತಿದ್ದಂತೆ ರಸ್ತೆ ಬದಿಯ ಹೊಲಗಳಲ್ಲಿ ಇಟ್ಟಂಗಿ ಭಟ್ಟಿಗಳು ಕಾಣತೊಡಗುತ್ತವೆ. ಹಂಚಿಗೂ ಮಡಕೆಗೂ ಹೆಸರಾದ ಮಣ್ಣಿದು. ಖಾದಿ ಗ್ರಾಮೋದ್ಯೋಗ ಆಯೋಗದ ಕುಂಬಾರಿಕೆ ಸಂಸ್ಥೆ ಇರುವುದೂ ಖಾನಾಪುರದಲ್ಲೇ. ಭಟ್ಟಿಯಲ್ಲಿ ಕೂಲಿ ಲೆಕ್ಕ ಸಲೀಸು: ಸಾವಿರಕ್ಕೆ ಇಷ್ಟು. ಅಚ್ಚಿಗೆ ಮಣ್ಣು ಬಡಿದು, ಮೇಲೆ ಸವರಿ, ನೆಲಕ್ಕೆ ಬೋರಲು ಹಾಕುವ ಕೈ ಸಂಜೆಗೆ ಎಷ್ಟು ಸಾಲು ಮುಗಿಸಿತೆಂಬುದು ಕಣ್ಣಿಗೇ ಕಾಣುತ್ತದೆ.

ಅದೇ ಇಟ್ಟಂಗಿ ಬೆಳಗಾವಿಯ ಟಿಳಕವಾಡಿಯಲ್ಲಿ ಗೋಡೆಯಾಗುವಾಗ ಲೆಕ್ಕ ಕಗ್ಗಂಟಾಗುತ್ತದೆ. ಗೌಂಡಿ ದಾರ ಕಟ್ಟಿ, ಮಾಲು ಹರವಿ, ಇಟ್ಟಂಗಿ ಇಟ್ಟು ಒಂದು ಪೆಟ್ಟು ಕೊಡುತ್ತಾನೆ. ಸಂದಿನಿಂದ ಹೊರಬಂದ ಮಾಲನ್ನು ಬೀಳಗೊಡದೆ ಥಾಪಿಯಲ್ಲೇ ಎತ್ತಿ ಮುಂದಿನದಕ್ಕೆ ಬಳಸುತ್ತಾನೆ. 19×9×9 ಸೆಂ.ಮೀ. ಇಟ್ಟಂಗಿಗೆ 10 ಮಿ.ಮೀ. ಸಂದು ಹಿಡಿದರೆ ಘನ ಮೀಟರ್ ಗೋಡೆಗೆ 500 ಇಟ್ಟಂಗಿ. ಇಟ್ಟಂಗಿ ಸೊಟ್ಟಗಿದ್ದರೆ ಸಂದು ದಪ್ಪವಾಗಿ ಸಿಮೆಂಟು ಹೆಚ್ಚು ತಿನ್ನುತ್ತದೆ.

ಇಲ್ಲೇ ದೇಶದ ಲೆಕ್ಕ ಎಡವಿದ್ದು. 2011-12ನ್ನು ಮೂಲ ವರ್ಷವಾಗಿಸಿದ ರಾಷ್ಟ್ರೀಯ ಆದಾಯದ ಸರಣಿಯಲ್ಲಿ ಪಕ್ಕಾ ಕಟ್ಟಡಗಳ ಉತ್ಪಾದನೆಯನ್ನು ಬಳಕೆಯಾದ ಸಿಮೆಂಟು, ಕಬ್ಬಿಣ, ಇಟ್ಟಂಗಿ-ಹಂಚು, ಮರ, ಫಿಟಿಂಗ್‌ಗಳಿಂದ ಅಂದಾಜಿಸಿದರು. ಹಾಗಾದರೆ ಮಾಲು ಚೆಲ್ಲಿದವನಿಂದ ಉತ್ಪಾದನೆ ಏರಿದಂತೆ, ಉಳಿಸಿದವನಿಂದ ಇಳಿದಂತೆ! ಆ ಹದವಾದ ಕೈಗೆ ಇದು ಅನ್ಯಾಯ.

ಸ್ಲ್ಯಾಬಿನ ದಿನ ಬುಟ್ಟಿ ದಾಟಿಸುತ್ತ ಸಾಲಾಗಿ ನಿಲ್ಲುತ್ತಿದ್ದ ಹೆಣ್ಣಾಳುಗಳ ಜಾಗಕ್ಕೆ ದೊಡ್ಡ ಸೈಟುಗಳಲ್ಲಿ ರೆಡಿಮಿಕ್ಸ್ ಪಂಪು ಬಂದಿದೆ. ಅವರ ಕೆಲಸದ ಒಂದು ಪಾಲು ಪ್ಲಾಂಟಿಗೆ, ಲಾರಿಗೆ ಸರಿದಿದೆ. ಸೈಟಿನ ಆಳುಗಳನ್ನಷ್ಟೇ ಎಣಿಸಿದರೆ ಉತ್ಪಾದಕತೆಯ ಏರಿಕೆ ಇದ್ದದ್ದಕ್ಕಿಂತ ದೊಡ್ಡದಾಗಿ ತೋರುತ್ತದೆ.

ಜಗತ್ತಿನ ನಿರ್ಮಾಣ ಉದ್ಯಮದ ಉತ್ಪಾದಕತೆ 20 ವರ್ಷಗಳಲ್ಲಿ ವರ್ಷಕ್ಕೆ ಶೇ 1ರಷ್ಟು ಮಾತ್ರ ಏರಿತೆಂದು 2017ರಲ್ಲಿ ಮೆಕಿನ್ಸಿ ವರದಿ ಹೇಳಿತು. ಒಟ್ಟು ಆರ್ಥಿಕತೆಯದು ಶೇ 2.8. ಆಳುಗಳ ಮೈಗಳ್ಳತನವೇ ಕಾರಣ ಎನ್ನುವವರು ಮುಂಜಾನೆ ಸೈಟಿಗೆ ಬರಬೇಕು. ಉಸುಕಿನ ಲಾರಿ ಬಂದಿರುವುದಿಲ್ಲ, ಕರೆಂಟು ಇರುವುದಿಲ್ಲ, ನಕ್ಷೆ ಬದಲಾಯಿತೆಂದು ನಿನ್ನೆ ಕಟ್ಟಿದ್ದನ್ನೇ ಒಡೆಯಬೇಕಾಗುತ್ತದೆ. ದುಡಿಯಲು ಬಂದವರು ಕೈಕಟ್ಟಿ ಕೂರುತ್ತಾರೆ.

ಮೇಸ್ತ್ರಿಯ ಹಾಜರಿ ಪುಸ್ತಕದಲ್ಲಿ ಇದ್ಯಾವುದೂ ಇಲ್ಲ. ಪೂರ್ತಿ ದಿನ, ಅರ್ಧ ದಿನ, ಅಷ್ಟೇ. ಪಕ್ಕದಲ್ಲಿ ಇನ್ನೆರಡು ಗೆರೆ ಎಳೆದು, ಎಷ್ಟು ಹೊತ್ತು ಕಾದರು, ಒಡೆಯದೆ ಉಳಿದ ಗೋಡೆ ಎಷ್ಟು ಚದರಡಿ ಎಂದು ಬರೆದಿಟ್ಟರೆ ಮುಂದಿನ ವರ್ಷ ಅಂಥದ್ದೇ ಮನೆಯೊಡನೆ ಹೋಲಿಸಬಹುದು. ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ ಇರುವುದು ಇದೇ ಖಾನಾಪುರ ರಸ್ತೆಯಲ್ಲಿ. ಸಿವಿಲ್ ವಿದ್ಯಾರ್ಥಿಗಳು ದೀಪಾವಳಿಯಿಂದ ಮಳೆಗಾಲದವರೆಗೆ, ಒಂದೇ ಒಂದು ಹಂಗಾಮು, ಈ ಕೆಲಸ ಹಿಡಿಯಲಿ.