ಕಟ್ಟಿನ ಸಾರಿನ ಗುಟ್ಟು, ಗೆಂಡೆ ಮೀನಿನ ಎರೆ



ಹೋಳಿಗೆ ಮಾಡಿದ ದಿನ ಬೇಳೆ ಬೇಯಿಸಿದ ನೀರನ್ನು ನಮ್ಮ ಮನೆಗಳಲ್ಲಿ ಯಾರೂ ಚೆಲ್ಲುವುದಿಲ್ಲ. ಅದೇ ಕಟ್ಟು, ಅದರಿಂದಲೇ ಕಟ್ಟಿನ ಸಾರು. ಪುಣೆಯ ನಮ್ಮ ನೆರೆಮನೆಯವರು ಅದನ್ನೇ ಕಟಾಚಿ ಆಮಟಿ ಅನ್ನುತ್ತಾರೆ. ಬೇಳೆಯ ಸತ್ವ ನೀರಿಗೆ ಇಳಿದಿರುತ್ತದೆ ಎಂಬುದು ಎರಡೂ ಮನೆಯ ಅಜ್ಜಿಯರಿಗೆ ಗೊತ್ತು. ಗೆಂಡೆ ಮೀನಿಗೆ ಗಾಳ ಹಾಕುವವರು ಕಲಿಯಬೇಕಾದ ಮೊದಲ ಪಾಠವೂ ಇದೇ.

ರಜೆಯ ದಿನ ಬೆಳಗಿನಿಂದ ಸಂಜೆಯವರೆಗೆ ಕೂತರೂ ಮೀನು ಎರೆಯನ್ನು ಮೂಸಿಯೂ ನೋಡಲಿಲ್ಲ, ಏನು ತಪ್ಪು ಎಂದು ಕೇಳುಗರೊಬ್ಬರು ಕೇಳಿದ್ದರು. ಅವರಿಗೆ ಈ ಉತ್ತರ.

ಮೀನು ನೀರನ್ನೇ ರುಚಿ ನೋಡುತ್ತದೆ

ಕಾಟ್ಲಾ, ರೋಹು, ಮೃಗಾಲ್, ಸಾಮಾನ್ಯ ಗೆಂಡೆ, ಎಲ್ಲವೂ ಒಂದೇ ಬಳಗ. ಕಾಟ್ಲಾ ಮೇಲಿನ ನೀರಿನಲ್ಲಿ, ರೋಹು ನಡುವೆ, ಉಳಿದೆರಡು ತಳದಲ್ಲಿ ಮೇಯುತ್ತವೆ. ತಳದ ಕೆಸರಿನಲ್ಲಿ ಕಣ್ಣು ಹೆಚ್ಚು ದೂರ ಓಡದು. ಆದ್ದರಿಂದ ಸಾಮಾನ್ಯ ಗೆಂಡೆಗೆ ಬಾಯಿಯ ಅಂಚಿನಲ್ಲಿ ಎರಡು ಜೋಡಿ ಮೀಸೆಗಳಿವೆ. ಆ ಮೀಸೆಯ ಮೇಲೂ ತುಟಿಯ ಮೇಲೂ ರುಚಿ ತಿಳಿಯುವ ಮೊಗ್ಗುಗಳಿವೆ. ನೀರಿನಲ್ಲಿ ಕರಗಿದ್ದು ಮಾತ್ರ ಅವಕ್ಕೆ ತಲುಪುತ್ತದೆ. ಕಾಳಿನಿಂದ ಇಳಿಯುವ ಅಮೈನೋ ಆಮ್ಲ, ಉಪ್ಪು, ಹುಳಿ, ಇವೇ ಮೀನಿಗೆ ನಾವು ಕಳಿಸುವ ಕರೆಯೋಲೆ.

ಎಣ್ಣೆ ನೀರಿನಲ್ಲಿ ಕರಗದು, ತೇಲುತ್ತದೆ. ಚಳಿಗೆ ಗಟ್ಟಿಯಾಗಿ ಎರೆಗೇ ಅಂಟಿಕೊಳ್ಳುತ್ತದೆ. ಪುಣೆಯ ಡಿಸೆಂಬರ್ ಚಳಿಯಲ್ಲಿ ಎಣ್ಣೆಯ ಎರೆಗಿಂತ ಬೆಲ್ಲದ ನೀರಿನಲ್ಲಿ ನೆನೆದ ಎರೆ ಮೇಲು ಎನ್ನುವುದು ಇದಕ್ಕೇ.

ಒಂದು ಲೋಟ ಕಲಿಸಿದ ಪಾಠ

ಮೊದಲ ಸಲ ಕೆರೆಗೆ ಹೋದಾಗ ಕಡಲೆಯನ್ನು ಬರೀ ಒಂದು ಗಂಟೆ ನೆನೆಸಿ ಒಯ್ದಿದ್ದೆ. ಮೀನು ಸೇರಲಿ ಎಂದು ಎರಡು ಹಿಡಿ ನೀರಿಗೂ ಎರಚಿದೆ. ದಡದಲ್ಲಿ ಬಲೆ ಹೊಲಿಯುತ್ತಿದ್ದ ಹಿರಿಯರೊಬ್ಬರು ಕರೆದು, "ಬಾಳಾ, ಇದೇ ಕಡಲೆ ಅರ್ಧ ಲೋಟ ತಗೊಂಡು ನೀರು ಹಾಕಿ ರಾತ್ರಿ ಇಟ್ಟು ನೋಡು" ಅಂದರು. ಬೆಳಿಗ್ಗೆ ಕಡಲೆ ಲೋಟದ ಬಾಯಿಗೆ ಬಂದಿತ್ತು. ಗೆಂಡೆಗೆ ಹೊಟ್ಟೆಯ ಚೀಲವೇ ಇಲ್ಲ, ಗಂಟಲಿನ ಹಲ್ಲಿನಿಂದ ಅರೆದದ್ದು ನೇರ ಕರುಳಿಗೆ ಇಳಿಯುತ್ತದೆ. ಆ ಕಡಲೆ ಅಲ್ಲಿ ಉಬ್ಬಿದರೆ? ಅಂದು ಎರಚಿದ ಎರಡು ಹಿಡಿ ನೆನಪಾದಾಗ ಇಂದಿಗೂ ಮನಸ್ಸು ಚುರ್ ಅನ್ನುತ್ತದೆ. ಒಣ ಕಾಳನ್ನು ಪೂರ್ತಿ ನೆನೆಸಿ, ಪೂರ್ತಿ ಬೇಯಿಸದೆ ನೀರಿಗೆ ಹಾಕಲೇಬಾರದು.

ಮಾಡುವ ಬಗೆ

ಅರ್ಧ ಕಿಲೋ ಮೆಕ್ಕೆಜೋಳ ತೊಳೆದು, ಕಾಳಿನ ಮೂರರಷ್ಟು ನೀರಿನಲ್ಲಿ 24 ಗಂಟೆ ನೆನೆಸಿ. ಕಡಲೆಗಾದರೆ 12 ಗಂಟೆ ಸಾಕು. ಅದೇ ನೀರಿನಲ್ಲಿ, ಉಗುರಿನಿಂದ ಒತ್ತಿದರೆ ಅದುಮುವಷ್ಟು ಬೇಯಿಸಿ. ನೀರು ಚೆಲ್ಲಬೇಡಿ. ಬಿಸಿಯಿರುವಾಗಲೇ ನಿಂಬೆ ಗಾತ್ರದ ಎರಡು ಉಂಡೆ ಬೆಲ್ಲ, ಒಂದು ಚಿಟಿಕೆ ಉಪ್ಪು ಕರಗಿಸಿ. ಕಾಳು ಆ ನೀರಿನಲ್ಲೇ ಎರಡು ದಿನ ಇರಲಿ. ಇಡ್ಲಿ ಹಿಟ್ಟಿನಂತೆ ಸಿಹಿಹುಳಿ ವಾಸನೆ ಬಂದರೆ ಹದ ಸರಿಯಾಗಿದೆ. ಮುಚ್ಚಳ ಬಿಗಿಯಬೇಡಿ, ಹುದುಗಿನ ಗಾಳಿಗೆ ಡಬ್ಬಿ ಸಿಡಿದೀತು. ಬೂಸ್ಟು ಬಂದರೆ ಎಸೆದುಬಿಡಿ.

ಹಿಟ್ಟಿನ ಎರೆಗೆ ಗೋಧಿಹಿಟ್ಟು, ಹುರಿಗಡಲೆ ಪುಡಿ, ಶೇಂಗಾ ಹಿಂಡಿ ಸಮಪಾಲು. ಹಿಂಡಿ ದನದ ಮೇವಿನ ಅಂಗಡಿಯಲ್ಲಿ ಸಿಗುತ್ತದೆ, ಮರಾಠಿಯಲ್ಲಿ ಪೇಂಡ್ ಎಂದು ಕೇಳಿ. ಶೇಂಗಾ ಹಿಂಡಿ, ಅಕ್ಕಿ ತೌಡು ನಮ್ಮ ಮೀನು ಸಾಕುವವರ ಹಳೆಯ ಮೇವು, ಗೆಂಡೆಗೆ ಒಗ್ಗಿದ ರುಚಿ. ಬರೀ ನೀರಿನ ಬದಲು ಮೇಲಿನ ಕಟ್ಟಿನಲ್ಲೇ ಕಲಸಿ, ಗೋಲಿಯಷ್ಟು ಉಂಡೆ ಕಟ್ಟಿ, ಕುದಿಯುವ ನೀರಿನಲ್ಲಿ ಎರಡು ನಿಮಿಷ ಬೇಯಿಸಿ ತೆಗೆಯಿರಿ. ನೆರಳಲ್ಲಿ ಒಂದು ದಿನ ಒಣಗಿಸಿ ಮತ್ತೆ ಕಟ್ಟಿನಲ್ಲಿ ನೆನೆಹಾಕಿ. ಒಣಗಿದ ಉಂಡೆ ಹೀರಿದಷ್ಟು ಹಸಿ ಉಂಡೆ ಹೀರದು. ಕಟ್ಟು ತೆಳುವಾಗಿರಲಿ. ಜೇನು, ದಪ್ಪ ಪಾಕ ಹೊರಗೆ ಮೆತ್ತಿಕೊಳ್ಳುತ್ತವೆ, ಒಳಗೆ ಹೋಗವು. ಉಂಡೆ ಕುಡಿದದ್ದೇ ಮುಂದೆ ಕೆರೆಯಲ್ಲಿ ಮೆಲ್ಲಗೆ ಹೊರಗೆ ಇಳಿಯುತ್ತದೆ.

ಇದು ನಮಗೆ ಹೊಸ ವಿದ್ಯೆಯಲ್ಲ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ ಸುಮಾರು 1130ರಲ್ಲಿ ಸಂಸ್ಕೃತದಲ್ಲಿ ಬರೆದ ಮಾನಸೋಲ್ಲಾಸದಲ್ಲಿ ಮತ್ಸ್ಯವಿನೋದ ಎಂಬ ಭಾಗವಿದೆ. ಮೀನಿನ ಜಾತಿಗಳು, ಅವಕ್ಕೆ ಹಾಕುವ ಆಹಾರ ಎಲ್ಲ ಅಲ್ಲಿ ಬಂದಿವೆ. ಆ ಕಲ್ಯಾಣವೇ ಇಂದಿನ ಬೀದರ್ ಜಿಲ್ಲೆಯ ಬಸವಕಲ್ಯಾಣ.

ಕೊನೆಗೆ ಎರಡು ಮಾತು

ಎರೆ ಎಷ್ಟು ಚೆನ್ನಾಗಿದ್ದರೂ ಒಂದು ಹಿಡಿ ಸಾಕು. ತಿನ್ನದೆ ಉಳಿದದ್ದು ತಳದಲ್ಲಿ ಕೊಳೆತು ನೀರಿನ ಆಮ್ಲಜನಕ ತಿನ್ನುತ್ತದೆ. ಬೇಸಿಗೆಯ ಸಣ್ಣ ಕೆರೆಯಲ್ಲಿ ಅದರ ಪೆಟ್ಟು ಮೀನಿಗೇ. ಖಡಕ್‌ವಾಸ್ಲಾದಂಥ ಜಲಾಶಯದ ನೀರು ನಾವೇ ಕುಡಿಯುವ ನೀರು. ಎಲ್ಲಿಯೇ ಆಗಲಿ, ಅನುಮತಿ ಕೇಳಿಯೇ ಗಾಳ ಹಾಕಿ. ಮಳೆಗಾಲ ಮೊಟ್ಟೆಯಿಡುವ ಕಾಲ, ಆಗ ಗಾಳ ಗೋಡೆಗೇ ಇರಲಿ.

ಪುಣೆಯ ಮುಳಾ-ಮುಠಾ ಭೀಮೆಗೆ ಸೇರುತ್ತದೆ. ಭೀಮೆ ಉಜನಿ ದಾಟಿ ನಮ್ಮ ವಿಜಯಪುರ, ಕಲಬುರಗಿಯ ಕಡೆಗೆ ಹರಿಯುತ್ತದೆ. ಇಲ್ಲಿ ನಾವು ನೀರಿಗೆ ಹಾಕುವುದರ ಲೆಕ್ಕ ಊರಿನವರಿಗೂ ಸೇರಿದ್ದು.

ಮುಂದಿನ ಸಲ ಹೋಳಿಗೆ ಮಾಡಿದಾಗ ಒಂದು ಲೋಟ ಕಟ್ಟು ಎತ್ತಿಡಲು ಮನೆಯವರನ್ನು ಕೇಳಿ. ಸಾರಿಗೆ ಉಳಿದರೆ ಮಾತ್ರ ಕೊಟ್ಟಾರು! ಮೀನು ಸಿಕ್ಕರೂ ಸಿಗದಿದ್ದರೂ ನಮಗೆ ಪತ್ರ ಬರೆಯಿರಿ.