ನೀಲಗಿರಿಯ ಜೇನು, ಇಟಲಿಯ ತಟ್ಟೆ

ಗೂಡಲೂರಿನಿಂದ ಉದಕಮಂಡಲಕ್ಕೆ ಏರುವ ಘಟ್ಟದ ದಾರಿಯಲ್ಲಿ ನಡುವಟ್ಟಂ ಬಂದೊಡನೆ ವಾಹನಗಳು ಸಹಜವಾಗಿ ನಿಲ್ಲುತ್ತವೆ. ಮೈಸೂರು, ಬೆಂಗಳೂರು, ಚಾಮರಾಜನಗರದ ಕಡೆಯಿಂದ ಬಂದವರು ಇಳಿದು ಚಹಾ ಕುಡಿಯುತ್ತಾರೆ. ಕ್ಯಾರೆಟ್ಟಿನ ಕಟ್ಟು, ಚಹಾಪುಡಿಯ ಪೊಟ್ಟಣ, ಜೇನಿನ ಬಾಟಲಿಗಳನ್ನು ನೋಡಿ ಬೆಲೆ ವಿಚಾರಿಸುತ್ತಾರೆ. ಮುಂದೆ ಸುಮಾರು ಮೂವತ್ತು ಕಿಲೋಮೀಟರು ಸಾಗಿ ಉದಕಮಂಡಲವನ್ನು ಸೇರಿದ ಮೇಲೆ ಅದೇ ಪ್ರವಾಸಿಗಳಲ್ಲಿ ಹಲವರು ಮಕ್ಕಳ ಒತ್ತಾಯಕ್ಕೆ ಮಣಿದು ಪಿಜ್ಜಾ ಎಲ್ಲಿ ಸಿಗುತ್ತದೆಂದು ಕೇಳುತ್ತಾರೆ. ಬೆಟ್ಟದ ಮೇಲೆ ಇಟಲಿಯ ಊಟವೇ ಎಂದು ಹಿರಿಯರು ಹುಬ್ಬೇರಿಸುವುದೂ ಉಂಟು.

ಆದರೆ ಈ ಬೆಟ್ಟಗಳಿಗೆ ಪರದೇಶದ ಬೆಳೆಯಾಗಲಿ ಪರದೇಶದ ಊಟವಾಗಲಿ ಹೊಸತಲ್ಲ. ಇಂದು ‘ಊಟಿ ತರಕಾರಿ’ ಎಂದೇ ಹೆಸರಾಗಿರುವ ಆಲೂಗಡ್ಡೆ, ಕ್ಯಾರೆಟ್, ಎಲೆಕೋಸು ಇವೆಲ್ಲವೂ ಹತ್ತೊಂಬತ್ತನೆಯ ಶತಮಾನದಲ್ಲಿ ಕಲೆಕ್ಟರ್ ಜಾನ್ ಸಲಿವನ್ ಮೊದಲಾದ ಆಂಗ್ಲರ ಕಾಲದಲ್ಲಿ ಇಲ್ಲಿ ಬೇರೂರಿದವು. ನಡುವಟ್ಟಂ ಬೆಳೆದುದೇ ದಕ್ಷಿಣ ಅಮೆರಿಕದ ಸಿಂಕೋನ ಮರದಿಂದ. ಮಲೇರಿಯಾಕ್ಕೆ ಮದ್ದಾದ ಕ್ವಿನೈನ್ ಈ ಮರದ ತೊಗಟೆಯಿಂದ ದೊರೆಯುವುದರಿಂದ 1860ರ ದಶಕದಲ್ಲಿ ವಿಲಿಯಂ ಮೆಕೈವರ್ ಅವರ ಮೇಲ್ವಿಚಾರಣೆಯಲ್ಲಿ ಸರಕಾರ ಇಲ್ಲಿ ತೋಟಗಳನ್ನು ಮಾಡಿತು. ಆ ತೋಟಗಳಲ್ಲಿ ದುಡಿದವರಲ್ಲಿ ಕೈದಿಗಳೂ ಇದ್ದರು. ಅವರಲ್ಲಿ ಕೆಲವರು ಚೀನೀಯರು. ಬಿಡುಗಡೆಯ ಬಳಿಕ ಕೆಲವರು ಇಲ್ಲಿಯೇ ನೆಲೆಸಿ ತಮಿಳು ಹೆಣ್ಣುಮಕ್ಕಳನ್ನು ಮದುವೆಯಾದರು. ತರಕಾರಿ ಬೆಳೆದು, ಅಲ್ಪಸ್ವಲ್ಪ ಕಾಫಿ ಮಾಡಿ, ಹಸು ಸಾಕಿ ಮರ್ಯಾದೆಯಿಂದ ಬಾಳಿದ ಈ ಪುಟ್ಟ ಸಮುದಾಯವನ್ನು ಎಡ್ಗರ್ ಥರ್ಸ್ಟನ್ 1909ರಲ್ಲಿ ಪ್ರಕಟವಾದ ತಮ್ಮ ಜಾತಿ ಬುಡಕಟ್ಟುಗಳ ಗ್ರಂಥದಲ್ಲಿ ದಾಖಲಿಸಿದ್ದಾರೆ. ಆದುದರಿಂದ ತಟ್ಟೆಯಲ್ಲಿರುವುದು ಯಾವ ದೇಶದ ಅಡುಗೆ ಎಂಬುದಕ್ಕಿಂತ, ಅದರಲ್ಲಿ ಯಾರ ದುಡಿಮೆ ಇದೆ, ಅದರ ಹಣ ಯಾರ ಕೈ ಸೇರುತ್ತದೆ ಎಂಬ ಪ್ರಶ್ನೆಯೇ ದೊಡ್ಡದು.

ಉದಕಮಂಡಲದ ಕ್ಲಬ್ ರಸ್ತೆಯಲ್ಲಿ ಈ ಪ್ರಶ್ನೆಗೆ ಒಂದು ಬಗೆಯ ಉತ್ತರ ದೊರೆಯುತ್ತದೆ. ಕೋಟಗಿರಿಯ ಕೀಸ್ಟೋನ್ ಪ್ರತಿಷ್ಠಾನದ ಬಳಗ ಅಲ್ಲಿ ಜೇನುನೊಣಗಳ ವಸ್ತುಸಂಗ್ರಹಾಲಯ, ‘ಗ್ರೀನ್ ಶಾಪ್’ ಎಂಬ ಅಂಗಡಿ ಹಾಗೂ ‘ಪ್ಲೇಸ್ ಟು ಬೀ’ ಎಂಬ ಭೋಜನಶಾಲೆ ಇವುಗಳನ್ನು ಒಟ್ಟಿಗೆ ರೂಪಿಸಿತು. ಭೋಜನಶಾಲೆಯ ಅಡುಗೆ ಮುಖ್ಯವಾಗಿ ಇಟಲಿಯ ಶೈಲಿಯದು: ಪಿಜ್ಜಾ, ಪಾಸ್ತಾ. ಅಂಗಡಿಯಲ್ಲಿ ಕಾಡಿನ ಜೇನು, ಜೇನುಮೇಣದ ಬತ್ತಿ ಹಾಗೂ ಸಾಬೂನು, ಮೆಣಸು, ಸಿರಿಧಾನ್ಯ ಮೊದಲಾದವು. ಉಂಡವರು ಎದ್ದು ಅಂಗಡಿಗೆ ಬಂದು ಮನೆಗೂ ಒಂದಿಷ್ಟು ಕೊಂಡೊಯ್ಯುವ ಏರ್ಪಾಡು.

ಊಟ ಮತ್ತು ಅಂಗಡಿಯ ಈ ಜೋಡಿ ಕನ್ನಡಿಗರಿಗೆ ಅಪರಿಚಿತವಲ್ಲ. 1905ರಲ್ಲಿ ನೀಲಗಿರಿಯಲ್ಲಿ ಬೆಣ್ಣೆಯ ವ್ಯಾಪಾರವಾಗಿ ಆರಂಭವಾದ ‘ನೀಲಗಿರೀಸ್’ 1936ರಲ್ಲಿ ಬೆಂಗಳೂರಿನ ಬ್ರಿಗೇಡ್ ರಸ್ತೆಗೆ ಬಂದು ಹಾಲು, ಬೆಣ್ಣೆ, ಬೇಕರಿ ತಿನಿಸುಗಳಿಗೆ ಹೆಸರಾಯಿತು. ಲಂಡನ್ನಿನಲ್ಲಿ ಇದೇ ಜೋಡಿಯನ್ನು ಜನಪ್ರಿಯಗೊಳಿಸಿದವರು ಇಟಲಿಯಲ್ಲಿ ಸ್ಟೇಷನ್ ಮಾಸ್ತರರ ಮಗನಾಗಿ ಬೆಳೆದ ಆಂಟೋನಿಯೊ ಕಾರ್ಲುಚ್ಚೊ. 1991ರಲ್ಲಿ ಇಟಲಿಯ ದಿನಸಿಯ ಅಂಗಡಿಯನ್ನು ತೆರೆದ ಅವರ ಬಳಗ 1999ರಲ್ಲಿ ಅಂಗಡಿಯನ್ನೂ ಭೋಜನಶಾಲೆಯನ್ನೂ ಕೂಡಿಸಿತು. ಅದು ಹತ್ತಾರು ಶಾಖೆಗಳಾಗಿ ಬೆಳೆದು, 2010ರಲ್ಲಿ ದುಬೈನ ಲ್ಯಾಂಡ್‌ಮಾರ್ಕ್ ಸಮೂಹದ ವಶವಾಗಿ, 2020ರ ಮಾರ್ಚಿನಲ್ಲಿ ಸಾಲದ ಆಡಳಿತಕ್ಕೆ ಒಳಪಟ್ಟಿತು. ಶಾಖೆಗಳ ಸಂಖ್ಯೆಯೇ ಬದುಕಿನ ಭರವಸೆಯಲ್ಲ ಎಂಬುದಕ್ಕೆ ಇದು ನಿದರ್ಶನ.

ಇಟಲಿಯಲ್ಲಿಯೇ ಇದಕ್ಕೆ ಪ್ರತಿಯಾದ ಇನ್ನೊಂದು ಚಿಂತನೆ ಹುಟ್ಟಿತು. 1986ರಲ್ಲಿ ರೋಮ್ ನಗರದ ಸ್ಪಾನಿಷ್ ಸೋಪಾನಗಳ ಬಳಿ ಮ್ಯಾಕ್‌ಡೊನಾಲ್ಡ್ಸ್ ಮಳಿಗೆ ತೆರೆದಾಗ ಎದ್ದ ಪ್ರತಿಭಟನೆಯಲ್ಲಿ ಕಾರ್ಲೊ ಪೆಟ್ರಿನಿ ಮುಂದಾಳುವಾಗಿದ್ದರು. ಅವರ ‘ಸ್ಲೋ ಫುಡ್’ ಚಳವಳಿ 1989ರಲ್ಲಿ ಪ್ಯಾರಿಸ್ಸಿನಲ್ಲಿ ಅಂತರರಾಷ್ಟ್ರೀಯ ರೂಪ ಪಡೆಯಿತು. ಆಯಾ ನೆಲದ ಬೀಜ, ಆಯಾ ಊರಿನ ರುಚಿ, ಬೆಳೆದವನಿಗೆ ನ್ಯಾಯವಾದ ಬೆಲೆ ಇವು ಅದರ ತಿರುಳು. 2015ರಲ್ಲಿ ಶಿಲ್ಲಾಂಗ್‌ನಲ್ಲಿ ನಡೆದ ಮೂಲನಿವಾಸಿಗಳ ಆಹಾರ ಸಮ್ಮೇಳನ ಈ ಚಳವಳಿಯ ಬಳಗದ್ದೇ. ಉತ್ತರ ಇಟಲಿಯ ಹಳ್ಳಿಗರು ಮೆಕ್ಕೆಜೋಳದ ಹಿಟ್ಟನ್ನು ಕುದಿನೀರಿನಲ್ಲಿ ತೊಳಸಿ ಮಾಡುವ ಪೊಲೆಂಟಾಕ್ಕೂ ಇಲ್ಲಿನ ರಾಗಿಮುದ್ದೆಗೂ ಬಹಳ ದೂರವಿಲ್ಲ. ಬಡಗರ ಮನೆಯ ಅವರೆ ಉದಕ, ಹಬ್ಬದ ತುಪ್ಪದಿಟ್ಟು ಇವೂ ಅಂಥ ಗೌರವಕ್ಕೆ ಅರ್ಹವಾದ ಅಡುಗೆಗಳೇ. ಇಟಲಿಯನ್ನು ಅನುಕರಿಸುವುದಾದರೆ ಅದರ ಪಿಜ್ಜಾಕ್ಕಿಂತ ಮೊದಲು ಈ ಸ್ವಾಭಿಮಾನವನ್ನು ಅನುಕರಿಸುವುದು ಮೇಲು.

ಅಂಗಡಿಯ ಕಪಾಟಿನಲ್ಲಿರುವ ಜೇನಿನ ಬಾಟಲಿಯ ಹಿಂದೆ ಕಷ್ಟದ ಕಥೆಯಿದೆ. ಹೆಜ್ಜೇನು ಕಟ್ಟುವುದು ಕಡಿದಾದ ಬಂಡೆಗಳ ಮೇಲೆ, ಎತ್ತರದ ಮರಗಳಲ್ಲಿ. ಕುರುಂಬರು ಕಾಡುಬಳ್ಳಿಯ ಏಣಿ ಇಳಿಬಿಟ್ಟು, ಹೊಗೆ ಹಾಕಿ, ಜೀವ ಒತ್ತೆಯಿಟ್ಟು ಅದನ್ನು ಕೀಳುತ್ತಾರೆ. ಮೇಲೆ ಏಣಿಯನ್ನು ಕಾಯುವವನು ಹೆಂಡತಿಯ ಸೋದರನೇ ಆಗಿರಬೇಕೆಂಬುದು ಅವರ ರೂಢಿ. ತಂಗಿ ವಿಧವೆಯಾಗುವುದನ್ನು ಯಾವ ಅಣ್ಣನೂ ಬಯಸುವುದಿಲ್ಲವಷ್ಟೆ. ಗೂಡಲೂರು ಕಡೆಯ ಕಾಟ್ಟುನಾಯಕರೂ ಪಾರಂಪರಿಕವಾಗಿ ಜೇನು ಕೀಳುವವರೇ. 1993ರಲ್ಲಿ ಸ್ಥಾಪನೆಯಾದ ಕೀಸ್ಟೋನ್ ತನ್ನ ಕೆಲಸವನ್ನು ಜೇನು ಸಂಗ್ರಾಹಕರ ಬದುಕಿನ ಸಮೀಕ್ಷೆಯಿಂದಲೇ ಆರಂಭಿಸಿತು. 2013ರಲ್ಲಿ ಆದಿವಾಸಿಗಳೇ ಪಾಲುದಾರರಾದ ‘ಆದಿಮಲೈ’ ಎಂಬ ಉತ್ಪಾದಕರ ಕಂಪನಿ ರೂಪುಗೊಂಡಿತು. 2021ರಲ್ಲಿ ಅದಕ್ಕೆ ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮದ ಈಕ್ವೇಟರ್ ಪ್ರಶಸ್ತಿ ಸಂದಿತು.

ಈ ಜೇನಿನ ಮೇಲೆ ಕಾಡಿನ ಮಕ್ಕಳಿಗಿರುವುದು ದಯೆಯಿಂದ ಕೊಟ್ಟ ಸವಲತ್ತಲ್ಲ, ಕಾನೂನಿನ ಹಕ್ಕು. 2006ರ ಅರಣ್ಯ ಹಕ್ಕುಗಳ ಕಾಯಿದೆಯ 3ನೆಯ ಕಲಮಿನ 1ನೆಯ ಉಪಕಲಮಿನ (ಸಿ) ಖಂಡವು, ಪಾರಂಪರಿಕವಾಗಿ ಸಂಗ್ರಹಿಸುತ್ತ ಬಂದ ಕಿರು ಅರಣ್ಯ ಉತ್ಪನ್ನಗಳ ಒಡೆತನ, ಸಂಗ್ರಹ, ಬಳಕೆ ಹಾಗೂ ವಿಲೇವಾರಿಯ ಹಕ್ಕನ್ನು ಅವರಿಗೆ ಕೊಡುತ್ತದೆ. ಜೇನು ಆ ಉತ್ಪನ್ನಗಳಲ್ಲಿ ಒಂದೆಂದು ಕಾಯಿದೆಯ ವ್ಯಾಖ್ಯೆಯೇ ಹೇಳುತ್ತದೆ. ತಮಿಳುನಾಡಿನಲ್ಲಿ 2008ರ ಉಚ್ಚ ನ್ಯಾಯಾಲಯದ ಆದೇಶವೊಂದರಿಂದ ಹಕ್ಕುಪತ್ರಗಳ ವಿತರಣೆಗೆ ತಡೆ ಉಂಟಾಗಿತ್ತು. 2016ರಲ್ಲಿ ಸರ್ವೋಚ್ಚ ನ್ಯಾಯಾಲಯ ಅದನ್ನು ತೆರವುಗೊಳಿಸಿತು. ಎಂಟು ವರ್ಷಗಳ ಈ ವಿಳಂಬದ ನಷ್ಟವನ್ನು ಯಾವ ತಕ್ಕಡಿಯಲ್ಲಿಯೂ ತೂಗಲಾಗದು.

ಕೊಳ್ಳುವವರೂ ಎಚ್ಚರದಿಂದಿರಬೇಕು. 2020ರ ಡಿಸೆಂಬರಿನಲ್ಲಿ ದೆಹಲಿಯ ವಿಜ್ಞಾನ ಮತ್ತು ಪರಿಸರ ಕೇಂದ್ರವು ದೇಶದ 13 ಬ್ರಾಂಡುಗಳ ಜೇನನ್ನು ಪರೀಕ್ಷೆಗೆ ಒಳಪಡಿಸಿದಾಗ ಎಲ್ಲ ಪರೀಕ್ಷೆಗಳಲ್ಲೂ ತೇರ್ಗಡೆಯಾದವು 3 ಮಾತ್ರ. ಉಳಿದವುಗಳಲ್ಲಿ ಸಕ್ಕರೆ ಪಾಕದ ಬೆರಕೆಯ ಮಾತು ಹೊರಬಿತ್ತು. ಹೀಗಾಗಿ ಬಾಟಲಿಯ ಚೀಟಿಯಲ್ಲಿ ಆಹಾರ ಸುರಕ್ಷತಾ ಪರವಾನಗಿಯ ಸಂಖ್ಯೆ, ತಯಾರಕರ ವಿಳಾಸ, ತುಂಬಿದ ದಿನಾಂಕ ಇವೆಯೇ ಎಂದು ನೋಡುವುದು ಅಗತ್ಯ. ಪಿಜ್ಜಾದ ಮೇಲಿನ ಚೀಸಿನ ವಿಷಯದಲ್ಲಿಯೂ ಅಷ್ಟೆ. ಹಾಲಿನ ಕೊಬ್ಬಿಗೆ ಬದಲಾಗಿ ಸಸ್ಯಜನ್ಯ ಎಣ್ಣೆಯಿಂದ ತಯಾರಿಸಿದ ವಸ್ತುವನ್ನು ಚೀಸ್ ಎಂದು ಕರೆಯಲು ನಿಯಮದ ಒಪ್ಪಿಗೆಯಿಲ್ಲ. ಇದು ಹಾಲಿನದೇ ಎಂದು ಕೇಳಲು ಗ್ರಾಹಕರು ಸಂಕೋಚಪಡಬೇಕಾಗಿಲ್ಲ.

ಊಟದ ಮೇಜು ಮತ್ತು ಅಂಗಡಿಯ ಕಟ್ಟೆ ಒಂದೇ ಸೂರಿನಡಿ ಇದ್ದರೂ ಕಾನೂನಿನ ಕಣ್ಣಿಗೆ ಅವು ಬೇರೆ ಬೇರೆ. ಅಂಗಡಿಯಲ್ಲಿ ಕೊಂಡ ಪೊಟ್ಟಣಕ್ಕೆ ಮುದ್ರಿತ ಗರಿಷ್ಠ ಬೆಲೆಗಿಂತ ಒಂದು ರೂಪಾಯಿಯನ್ನೂ ಹೆಚ್ಚು ಪಡೆಯುವಂತಿಲ್ಲ. ಆದರೆ ಭೋಜನಶಾಲೆಯ ಮೇಜಿನ ಮೇಲೆ ತಂದಿಟ್ಟ ನೀರಿನ ಬಾಟಲಿಗೆ ಹೆಚ್ಚು ಬೆಲೆ ಪಡೆಯುವುದು ಅಪರಾಧವಲ್ಲವೆಂದು ಸರ್ವೋಚ್ಚ ನ್ಯಾಯಾಲಯ 2017ರ ಡಿಸೆಂಬರಿನಲ್ಲಿ ತೀರ್ಪಿತ್ತಿದೆ. ಅಲ್ಲಿ ಆಸನ, ಸೇವೆ, ವಾತಾವರಣ ಇವೂ ಬೆಲೆಯಲ್ಲಿ ಸೇರಿವೆ ಎಂಬುದು ಅದರ ತರ್ಕ. ‘ಸೇವಾ ಶುಲ್ಕ’ದ ಮಾತು ಬೇರೆ. 2022ರ ಜುಲೈಯಲ್ಲಿ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ಹೊರಡಿಸಿದ ಮಾರ್ಗಸೂಚಿಯ ಪ್ರಕಾರ ಅದನ್ನು ಬಿಲ್ಲಿಗೆ ತಾನಾಗಿ ಸೇರಿಸುವಂತಿಲ್ಲ. 2025ರ ಮಾರ್ಚಿನಲ್ಲಿ ದೆಹಲಿ ಉಚ್ಚ ನ್ಯಾಯಾಲಯ ಈ ಮಾರ್ಗಸೂಚಿಯನ್ನು ಎತ್ತಿಹಿಡಿದಿದೆ. ತೃಪ್ತಿಯಾದರೆ ಕೊಡುವ ಭಕ್ಷೀಸು ಗ್ರಾಹಕರ ಇಷ್ಟ. ದೂರಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆಮಾಡಬಹುದು.

ಬೆಟ್ಟಕ್ಕೆ ಬಂದವರು ತಮ್ಮದೇ ನೀರಿನ ಪಾತ್ರೆಯನ್ನು ತರುವುದು ಇನ್ನೂ ಒಳ್ಳೆಯದು. ನೀಲಗಿರಿಯಲ್ಲಿ 2019ರಿಂದ ಪ್ಲಾಸ್ಟಿಕ್ ನೀರಿನ ಬಾಟಲಿಗಳ ಮಾರಾಟಕ್ಕೆ ನಿಷೇಧವಿದ್ದು, ನೀರು ತುಂಬಿಸಿಕೊಳ್ಳುವ ಯಂತ್ರಗಳನ್ನು ಅಲ್ಲಲ್ಲಿ ಇರಿಸಲಾಗಿದೆ.

ನಡುವಟ್ಟಂನ ಹಳೆಯ ಕಾರಾಗೃಹದ ಕಟ್ಟಡ ಇಂದಿಗೂ ನಿಂತಿದೆ. ಅಲ್ಲಿ ಕೂಡಿಹಾಕಿದ್ದ ಕೈದಿಗಳು ಬೆಳೆಸಿದ ಮರದ ತೊಗಟೆ ಎಷ್ಟೋ ಜನರ ಜ್ವರವನ್ನು ಇಳಿಸಿತು. ಅವರ ಹೆಸರುಗಳು ಮಾತ್ರ ಯಾರಿಗೂ ನೆನಪಿಲ್ಲ. ಇಂದು ಜೇನು ಕೀಳುವವನಿಗೂ ಹಸು ಕಟ್ಟಿದವಳಿಗೂ ಕ್ಯಾರೆಟ್ ಕಿತ್ತ ಕೂಲಿಯವರಿಗೂ ಅದೇ ಗತಿ ಬರಬಾರದು. ಇಟಲಿಯ ತಟ್ಟೆಯ ಮುಂದೆ ಕುಳಿತ ಪ್ರವಾಸಿ ರುಚಿ ಹೇಗಿದೆ ಎಂಬುದರ ಜೊತೆಗೆ, ಈ ಜೇನು ಯಾರದು, ಅವರಿಗೆ ಎಷ್ಟು ಸಂದಿತು ಎಂದು ಒಮ್ಮೆ ವಿಚಾರಿಸಿದರೆ ಸಾಕು. ನಾಲ್ಕು ಜನ ಕೇಳತೊಡಗಿದರೆ ಅಂಗಡಿಯವರು ಚೀಟಿಯ ಮೇಲೆ ಉತ್ತರವನ್ನು ಬರೆಯಲೇಬೇಕಾಗುತ್ತದೆ.